ಕಿಣ್ವ, ಯೀಸ್ಟು ಮತ್ತು ನಮ್ಮನೆ ಹೆಪ್ಪು

ಹೋದ ತಿಂಗಳು ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಹೆಪ್ಪು ಸತ್ತುಹೋಯ್ತು. ಮದುವೆಗೆ ಅಂತ ನಾಲ್ಕು ದಿನ ಬೀಗ ಹಾಕಿಕೊಂಡು ಹೋಗಿದ್ವಿ. ಕರೆಂಟ್ ಕೈಕೊಟ್ಟು ಫ್ರಿಜ್ಜಿನಲ್ಲಿದ್ದ ಮೊಸರಿಗೆ ಬೂಷ್ಟು ಬಂದಿತ್ತು. ಅಮ್ಮ ಬಟ್ಟಲು ಹಿಡಿದು ಹಿಂದಿನ ಸಾಲಿನ ಮನೆಗೆ ಹೊರಟರು.

ಅದೇ ರಾತ್ರಿ ಡಲ್ಲಾಸಿನಿಂದ ಕಾಲೇಜಿನ ಗೆಳೆಯನ ಫೋನು. ಮನೆಯಲ್ಲೇ ಬಿಯರ್ ಮಾಡೋಕೆ ಹೊರಟಿದ್ದಾನಂತೆ. "ಯಾವ ಯೀಸ್ಟ್ ಹಾಕ್ಲೋ? ಹೆಂಗೆ ರೆಡಿ ಮಾಡ್ಕೊಳ್ಳೋದು?" ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆಮಂದಿಗಾಗಿ ಬಿಯರ್ ಮಾಡಿಕೊಳ್ಳಬಹುದು. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ. ಹಾಗಾಗಿ ನನ್ನದೆಲ್ಲ ಬರೀ ಓದಿನ ಜ್ಞಾನ :)

ಅವನಿಗೆ ಉತ್ತರ ಹುಡುಕುತ್ತಾ ಹೋದವನು ಮೈಸೂರಿಗೆ ಬಂದು ನಿಂತೆ. ಅಲ್ಲಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. (ಸಣ್ಣ ಸಣ್ಣ ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದೂ 1915ರಲ್ಲೇ. ಎರಡಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.) ಆ ಗ್ರಂಥದ ಸುರಾಧ್ಯಕ್ಷನ ಅಧ್ಯಾಯದಲ್ಲಿ 'ಕಿಣ್ವ' ಮಾಡುವ ಕ್ರಮ ಇದೆ. ಕಿಣ್ವ ಅಂದರೆ ಮದ್ಯಕ್ಕೆ ಹಾಕುವ ಹೆಪ್ಪು. ಒಂದು ದ್ರೋಣ ರುಬ್ಬಿದ ಉದ್ದು, ಹಸಿಯೋ ಬೇಯಿಸಿದ್ದೋ. ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ. ಜೊತೆಗೆ ಮೊರಟ ಮುಂತಾದ ಮೂಲಿಕೆಗಳು ಒಂದೊಂದು ಕರ್ಷ.

ಉದ್ದು, ಅಕ್ಕಿ! ಬೆಣ್ಣೆ ದೋಸೆಯ ಊರಿನವನಿಗೆ ಇದನ್ನು ಓದಿ ಹೇಗಾಗಿರಬೇಡ? ಹಾಗಂತ ದೋಸೆ ಹಿಟ್ಟನ್ನು ಬಿಯರಿಗೆ ಹಾಕೋಕೆ ಹೋಗಬೇಡಿ. ನಮ್ಮ ಹಿಟ್ಟು ಉಬ್ಬೋದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾದಿಂದ, ಯೀಸ್ಟಿನ ಪಾತ್ರ ಕಡಿಮೆ. ಕೌಟಿಲ್ಯನ ಮುದ್ದೆಯಲ್ಲಿ ಮಾತ್ರ ಯೀಸ್ಟ್ ಸೇರಿಕೊಂಡಿರಲೇಬೇಕು, ಇಲ್ಲದಿದ್ದರೆ ಮದ್ಯ ಆಗೋದೇ ಇಲ್ಲ. ಇನ್ನೊಂದು ತಮಾಷೆ: ವಿಶೇಷ ಸಂದರ್ಭಗಳಲ್ಲಿ ಗೃಹಸ್ಥರು ಮನೆಯಲ್ಲೇ ಬಿಳಿ ಸುರೆ ಮಾಡಿಕೊಳ್ಳಲು ಅದೇ ಅಧ್ಯಾಯದಲ್ಲಿ ಅವಕಾಶ ಇದೆ. ನಮ್ಮ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕಿಣ್ವ ಅಂದರೆ ಎಂಜೈಮ್. ಅದೂ ತಪ್ಪಲ್ಲ, ಎಂಜೈಮ್ ಅನ್ನೋ ಪದವೇ ಗ್ರೀಕಿನ 'ಯೀಸ್ಟಿನೊಳಗೆ' ಅನ್ನುವುದರಿಂದ ಬಂದದ್ದು.

ಯುರೋಪಿನವರಿಗೂ ಅದರ ಹೆಸರು ಗೊತ್ತಿದ್ದಷ್ಟು ಗುಟ್ಟು ಗೊತ್ತಿರಲಿಲ್ಲ. 1516ರ ಬವೇರಿಯದ ಬಿಯರ್ ಕಾನೂನು ಬಾರ್ಲಿ, ಹಾಪ್ಸ್, ನೀರು ಅಷ್ಟನ್ನೇ ಹೇಳುತ್ತೆ. ಯೀಸ್ಟಿನ ಸುದ್ದಿಯೇ ಇಲ್ಲ. ಹಳೇ ಪೀಪಾಯಿಯ ತಳದ ಮಡ್ಡಿ ತೆಗೆದು ಹೊಸದಕ್ಕೆ ಹಾಕೋದು, ಕೆಟ್ಟರೆ ಪಕ್ಕದವರಿಂದ ತರೋದು, ಅಷ್ಟೇ. 1845ರಲ್ಲಿ ಡೆನ್ಮಾರ್ಕಿನ ಜೆ. ಸಿ. ಜಾಕಬ್‌ಸನ್ ಮ್ಯೂನಿಕ್ಕಿನ ಸ್ಪಾಟೆನ್ ಬ್ರೂವರಿಯಿಂದ ಯೀಸ್ಟನ್ನು ತವರದ ಡಬ್ಬಿಗಳಲ್ಲಿ ಕೋಪನ್‌ಹೇಗನ್‌ಗೆ ಹೊತ್ತು ತಂದ. ದಾರಿಯಲ್ಲಿ ಗಾಡಿ ನಿಂತ ಕಡೆಯೆಲ್ಲ ಡಬ್ಬಿಗೆ ತಣ್ಣೀರು ಹೊಯ್ಯುತ್ತಿದ್ದನಂತೆ. ತವರಿನಿಂದ ಹೆಪ್ಪು ತರುವ ಹೆಣ್ಣುಮಕ್ಕಳ ಹಾಗೇ!

ಅವನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಬಿಯರ್ ಕೆಡತೊಡಗಿದಾಗ ಅಲ್ಲಿನ ಪ್ರಯೋಗಾಲಯದ ಎಮಿಲ್ ಹ್ಯಾನ್ಸೆನ್ 1883ರಲ್ಲಿ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ಜಾಕಬ್‌ಸನ್ ಅದನ್ನು ಬೇರೆ ಬ್ರೂವರಿಗಳಿಗೂ ಪುಕ್ಕಟೆ ಕೊಟ್ಟ. ನಮ್ಮ ಭಾಷೇಲಿ ಓಪನ್ ಸೋರ್ಸ್! ಮೆಚ್ಚಲೇಬೇಕು. ಆದರೆ ಅಲ್ಲಿಂದ ಮುಂದೆ ಯೀಸ್ಟ್ ಲ್ಯಾಬಿನಿಂದ ಬರುವ ಸಾಮಾನಾಯ್ತು, ಮನೆಮನೆಯ ಹೆಪ್ಪುಗಳು ಒಂದೊಂದಾಗಿ ಕಣ್ಮರೆಯಾದವು.

ಆದರೂ ಪಶ್ಚಿಮ ನಾರ್ವೆಯ ಕೆಲವು ರೈತರ ಮನೆಗಳಲ್ಲಿ ಉಳಿದುಕೊಂಡವು. ಹೆಸರು 'ಕ್ವೈಕ್'. ಹುಲ್ಲಿನ ಸಿಂಬಿ, ತೂತು ಕೊರೆದ ಮರದ ತುಂಡುಗಳನ್ನು ಅದರಲ್ಲಿ ಅದ್ದಿ ಒಣಗಿಸಿಟ್ಟು, ಮುಂದಿನ ಸಲ ಮತ್ತೆ ಎಬ್ಬಿಸುತ್ತಿದ್ದರು. ಇದನ್ನು ಹಳ್ಳಿ ಸುತ್ತಿ ಜಗತ್ತಿಗೆ ತಿಳಿಸಿದವನು ಯಾರು ಗೊತ್ತಾ? ಲಾರ್ಸ್ ಮರಿಯುಸ್ ಗಾರ್ಶೋಲ್ ಅಂತ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್, ನಮ್ಮ ಹಾಗೇ ಬ್ಲಾಗ್ ಬರೆಯೋನು. ಕ್ವೈಕ್ ತಳಿಗಳು ವಂಶವಾಹಿಯಲ್ಲೇ ಬೇರೆ ಗುಂಪು ಅಂತ ತೋರಿಸಿದ 2018ರ ಸಂಶೋಧನಾ ಲೇಖನದಲ್ಲಿ ಇವನ ಹೆಸರೂ ಇದೆ. ಹೊಟ್ಟೆಕಿಚ್ಚಾಯ್ತು. ನಾನು ಇಷ್ಟು ವರ್ಷ ಬ್ಲಾಗಿನಲ್ಲಿ ಸಿನಿಮಾ ವಿಮರ್ಶೆ ಬರೀತಾ ಕೂತಿದ್ದೆ.

ಗೆಳೆಯನಿಗೆ ಅದನ್ನೇ ಹೇಳಿದೆ. ಲಾಗರ್ ಯೀಸ್ಟಿಗೆ 8ರಿಂದ 13 ಡಿಗ್ರಿ ತಂಪು ಬೇಕು, ಏಲ್ ಯೀಸ್ಟಿಗೆ ಸುಮಾರು 20. ಅವನ ಗ್ಯಾರೇಜು ನಮ್ಮ ದಾವಣಗೆರೆಯ ಏಪ್ರಿಲ್ ಥರ ಕುದಿಯುತ್ತೆ. ಕ್ವೈಕ್ ಆದರೆ 35 ಡಿಗ್ರಿಯಲ್ಲೂ ರುಚಿ ಕೆಡಿಸದೆ ಕೆಲಸ ಮಾಡುತ್ತೆ. ಇಪ್ಪತ್ತು ಲೀಟರ್ ಏಲ್‌ಗೆ ಲೆಕ್ಕದ ಪ್ರಕಾರ ಸುಮಾರು 18 ಸಾವಿರ ಕೋಟಿ ಜೀವಂತ ಕೋಶ ಬೇಕು. ಕಡಿಮೆ ಇದ್ದರೆ ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಹಾಕಿ ಕುದಿಸಿ, ಆರಿಸಿ, ಚೊಕ್ಕ ಪಾತ್ರೆಯಲ್ಲಿ ಯೀಸ್ಟ್ ಬೆರೆಸಿ, ಒಂದೆರಡು ದಿನ ಆಗಾಗ ಅಲ್ಲಾಡಿಸಬೇಕು. ತಳದಲ್ಲಿ ಕೆನೆಬಣ್ಣದ ಮಡ್ಡಿ ನಿಂತರೆ ತಯಾರು. "ಮುಗಿದ ಮೇಲೆ ಆ ಮಡ್ಡಿ ಚೆಲ್ಲಬೇಡ, ಎತ್ತಿಡು" ಅಂದೆ.

ಫೋನ್ ಇಟ್ಟ ಮೇಲೆ ಅಮ್ಮನನ್ನು ಕೇಳಿದೆ, ಹಿಂದಿನ ಸಾಲಿನವರಿಗೆ ಹೆಪ್ಪು ಎಲ್ಲಿಂದ ಬಂತು ಅಂತ. ಆ ಮನೆಯ ಅಜ್ಜಿ ಹರಿಹರದ ತವರಿನಿಂದ ತಂದದ್ದಂತೆ. ಅದಕ್ಕೂ ಮುಂಚೆ? "ಅಲ್ಲೇ ಅವರೂ ಒಂದ್ಸಲ ಕೆಟ್ಟೋಗಿ ನಮ್ಮನೇಲೇ ಇಸ್ಕೊಂಡಿದ್ರಲ್ಲೋ, ನೀನಾಗ ಚಿಕ್ಕೋನು" ಅಂದರು ಅಮ್ಮ.