ವಕೀಲಿಯ ನಡುವೆ ವಚನೋದ್ಧಾರ

ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಹುಕಾಲ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಯೋಲೆಯ ಕಟ್ಟುಗಳಾಗಿ ಉಳಿದಿದ್ದವು. ವಿಭೂತಿ ಪತ್ರಿಗಳಿಂದ ಅವುಗಳ ಪೂಜೆಯು ತಪ್ಪುತ್ತಿರಲಿಲ್ಲ; ಕಟ್ಟು ಬಿಚ್ಚಿ ಓದುವವರು ಮಾತ್ರ ವಿರಳವಾಗಿದ್ದರು. ಪೂಜೆಯಿಂದ ಹುಳವು ದೂರವಾಗುವದಿಲ್ಲವಷ್ಟೆ.

ಆ ಕಟ್ಟುಗಳನ್ನು ಬಿಚ್ಚಿದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ವಿದ್ಯಾಭ್ಯಾಸ ಮಾಡಿ, ಇಂದು ವಿಜಯಪುರವೆನಿಸಿದ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಬರಕ್ಕೆ ಹೆಸರಾದ ಆ ಸೀಮೆಯಲ್ಲಿ 1910ರಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಹೀಗೆ ಒಂದರ ಮೇಲೊಂದು ಲೋಕಕಾರ್ಯಗಳು ಅವರ ಹೆಗಲೇರಿದವು. ವಚನಗಳಿಗೆಂದು ಪ್ರತ್ಯೇಕವಾದ ಬಿಡುವು ಅವರಿಗೆ ಎಂದೂ ದೊರೆಯಲಿಲ್ಲ. ಕೋರ್ಟಿನ ಕಾಗದಗಳ ಪಕ್ಕದಲ್ಲಿಯೇ ಓಲೆಗಳಿಗೂ ಎಡೆಮಾಡಿಕೊಳ್ಳಬೇಕಾಯಿತು.

ಆ ಕೆಲಸದ ಕಷ್ಟವು ಅಚ್ಚಾದ ಪುಸ್ತಕವನ್ನು ಹಿಡಿದವರಿಗೆ ತೋರದು. ಓಲೆಯಲ್ಲಿ ಶಬ್ದಶಬ್ದಗಳ ನಡುವೆ ತೆರವಿಲ್ಲ. ಪದ್ಯವಾದರೆ ತಪ್ಪಿದ ಅಕ್ಷರವನ್ನು ಛಂದಸ್ಸು ಹಿಡಿದುಕೊಡುವದು. ವಚನಕ್ಕೆ ಆ ಕಾವಲಿಲ್ಲ. ಒಂದೇ ವಚನವು ಒಂದು ಪ್ರತಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಬೇರೊಂದು ಬಗೆ. ಅಂಕಿತವನ್ನು ನೋಡಿ ಕರ್ತೃವನ್ನು ಗುರುತಿಸಬೇಕು. ಒಡೆದ ಅಂಚಿನಲ್ಲಿ ಅಂಕಿತವೇ ಹೋಗಿದ್ದರೆ ಮತ್ತೊಂದು ಕಟ್ಟನ್ನು ಹುಡುಕಬೇಕು. ಹೊಸ ಕಾವ್ಯ ಬರೆದವನನ್ನೇ ಸೃಷ್ಟಿಶಾಲಿಯೆಂದು ಎಣಿಸುವ ವಾಡಿಕೆಯುಂಟು. ಆದರೆ ಬಿಡಿಬಿಡಿಯಾಗಿ ಚೆದರಿದ್ದ ವಚನಗಳನ್ನು ವಿಷಯಾನುಸಾರವಾಗಿ ಹೊಂದಿಸಿ, ಅವುಗಳಲ್ಲಿ ಒಂದು ಶಾಸ್ತ್ರವೇ ಅಡಗಿರುವದೆಂದು ತೋರಿಸಿದ ‘ವಚನಶಾಸ್ತ್ರಸಾರ’ವು ಬರಿಯ ನಕಲಿನ ಕೆಲಸವಲ್ಲ. ಈ ಹೊಂದಿಕೆಯಿಂದ ವಚನವು ತನ್ನ ಮೂಲಸ್ಥಾನದಿಂದ ಕದಲಿತೆಂಬ ಆಕ್ಷೇಪಣೆಗೆ ಸ್ವಲ್ಪ ಆಧಾರವುಂಟು. ಆದರೂ ಆ ಕಾಲದ ಓದುಗನಿಗೆ ಬೇರೆ ದಾರಿಯಿಂದ ಅವು ದಕ್ಕುತ್ತಿದ್ದವೆಂದು ಹೇಳಲಾಗದು.

ಗ್ರಂಥವು ಸಿದ್ಧವಾದರೂ ಅಚ್ಚಿನ ದಾರಿ ಸುಗಮವಾಗಿರಲಿಲ್ಲ. ಮಂಗಳೂರಿನ ಮುದ್ರಣಾಲಯವೊಂದರಿಂದ ಹಸ್ತಪ್ರತಿಯು ಹಿಂದಿರುಗಿ ಬಂದಿತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ಪ್ರಥಮ ಭಾಗವು ಬೆಳಕು ಕಂಡಿತು. ಅನ್ಯರ ಬಾಗಿಲಲ್ಲಿ ಕಾಯುವದು ಸಾಕೆಂದು ಅವರು 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಸ್ವಂತ ಮನೆಯನ್ನು ಮಾರಿದರು. ಮನೆ ಮಾರಿದ ಈ ಸಂಗತಿಯನ್ನೇ ಜನರು ಹೆಚ್ಚಾಗಿ ಹೇಳಿಕೊಳ್ಳುವರು. ಅದು ಒಂದು ದಿನದ ತ್ಯಾಗ. ಬಾಡಿಗೆಯ ಮನೆಯಲ್ಲಿದ್ದು, ಮೊಳೆ ಜೋಡಿಸುವವರ ಕೂಲಿ, ಕಾಗದದ ಬೆಲೆ, ಬಾರದ ಚಂದಾಹಣ ಇವುಗಳ ಚಿಂತೆಯಲ್ಲಿಯೇ ದಿನದಿನವೂ ಕರಡು ತಿದ್ದಿದ್ದು ಅದಕ್ಕಿಂತ ದೀರ್ಘವಾದ ತಪಸ್ಸು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆಗಳು ಹೊರಟವು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವೂ ಬಂದಿತು. ಸಾಲವೇನೂ ಅದರಿಂದ ಕಡಿಮೆಯಾಗಲಿಲ್ಲ.

ಹೀಗೆ ಇನ್ನೂರಕ್ಕೂ ಮಿಕ್ಕ ವಚನಕಾರರ ಹೆಸರುಗಳು ನಾಡಿಗೆ ತಿಳಿದುಬಂದವು. ಅಂಬಿಗರು, ಮಡಿವಾಳರು, ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಲಕ್ಕಮ್ಮನಂಥ ತಾಯಂದಿರು ತಮ್ಮ ಕಾಯಕದ ನಡುವೆ ನುಡಿದ ಮಾತುಗಳನ್ನು, ಏಳು ಶತಮಾನಗಳ ತರುವಾಯ, ತನ್ನ ಕಾಯಕದ ನಡುವೆಯೇ ಒಬ್ಬ ವಕೀಲನು ಆಯ್ದು ತಂದನು.

1964ರಲ್ಲಿ ಹಳಕಟ್ಟಿಯವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಆ ಕಾರ್ಯಕ್ಕೆ ವಿದ್ವಾಂಸರ ಮಂಡಳಿಯೂ ಬೊಕ್ಕಸದ ಬೆಂಬಲವೂ ಇದ್ದವು. ವಿಜಾಪುರದ ಬಾಡಿಗೆ ಮನೆಯಲ್ಲಿ ತಿದ್ದಿದ ಪಾಠಗಳೂ ಅದರ ಮುಂದಿದ್ದವು.