ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ

ಮೊನ್ನೆ ಒಗ್ಗರಣೆ ಸೌಟು ಕೈಜಾರಿ ಬಿಸಿ ಎಣ್ಣೆ ಮುಂಗೈ ಮೇಲೆ ಚೆಲ್ಲಿಕೊಂಡೆ. ಮೆಡಿಕಲ್ ಶಾಪಿನವನು ಕೊಟ್ಟ ಬಿಳಿ ಮುಲಾಮಿನ ಟ್ಯೂಬಿನ ಮೇಲೆ ‘ಸಿಲ್ವರ್ ಸಲ್ಫಾಡಯಜೀನ್’ ಅಂತ ಬರೆದಿತ್ತು. ಅದೇ ವಾರ ತಂದಿದ್ದ ಕಾಲುಚೀಲದ ಪ್ಯಾಕೆಟ್ಟಿನ ಮೇಲೂ ಬೆಳ್ಳಿಯೇ! ‘ನ್ಯಾನೋ ಸಿಲ್ವರ್, ವಾಸನೆ ಬರುವುದಿಲ್ಲ’ ಅಂತ. ಸುಟ್ಟ ಚರ್ಮಕ್ಕೂ ಅದೇ, ಬೆವರಿದ ಪಾದಕ್ಕೂ ಅದೇ. ಹೀಗೆ ಎಲ್ಲಕ್ಕೂ ಬೆಳ್ಳಿ ಸವರುತ್ತಾ ಹೋದರೆ ರೋಗಾಣುಗಳಿಗೆ ಅದು ಅಭ್ಯಾಸ ಆಗಿಬಿಡೋದಿಲ್ವಾ? ಈ ಪ್ರಶ್ನೆ ಹಿಡಿದು ಹೊರಟವನಿಗೆ ಸಿಕ್ಕಿದ ಕಥೆ ಇದು.

ಬೆಳ್ಳಿ ಔಷಧಿಯಾಗಿ ದೊಡ್ಡ ಹೆಸರು ಮಾಡಿದ್ದು ಜರ್ಮನಿಯ ಲೈಪ್‌ಜಿಗ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ. ಹೆರಿಗೆ ಸಮಯದಲ್ಲಿ ತಾಯಿಯಿಂದ ಗನೋರಿಯಾ ಸೋಂಕು ತಗುಲಿ ಎಳೆಗೂಸುಗಳು ಕುರುಡಾಗುತ್ತಿದ್ದ ಕಾಲ. ಕಾರ್ಲ್ ಕ್ರೇಡೆ ಎಂಬ ವೈದ್ಯ 1880ರಲ್ಲಿ ಹುಟ್ಟಿದ ಪ್ರತಿ ಮಗುವಿನ ಕಣ್ಣಿಗೂ ಸಿಲ್ವರ್ ನೈಟ್ರೇಟಿನ ತೆಳು ದ್ರಾವಣ ಹಾಕಲು ಶುರು ಮಾಡಿದ. ನೂರಕ್ಕೆ ಹತ್ತು ಮಕ್ಕಳಿಗೆ ಬರುತ್ತಿದ್ದ ಕಣ್ಣಿನ ಸೋಂಕು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು.

‘ನ್ಯಾನೋ’ ಬೆಳ್ಳಿ ಏನೋ ಈ ಶತಮಾನದ ಆವಿಷ್ಕಾರ ಅಂತ ನಾನೂ ನಂಬಿದ್ದೆ. ತಪ್ಪು! ಫಿಲಡೆಲ್ಫಿಯಾದ ಕೇರಿ ಲೀ ಎಂಬ ರಸಾಯನಶಾಸ್ತ್ರಜ್ಞ 1889ರಲ್ಲೇ ನೀರಿನಲ್ಲಿ ತೇಲಾಡುವ ಬೆಳ್ಳಿಯ ಕಣಗಳನ್ನು ತಯಾರಿಸಿದ್ದ. ಅವನ ವಿಧಾನದಲ್ಲೇ ಮತ್ತೆ ಮಾಡಿ ಅಳೆದಾಗ ಆ ಕಣಗಳ ಗಾತ್ರ ಏಳರಿಂದ ಒಂಬತ್ತು ನ್ಯಾನೋಮೀಟರ್ ಅಂತ ಗೊತ್ತಾಯಿತು (ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್). ಅಂದರೆ ಇವತ್ತಿನ ಲೆಕ್ಕದಲ್ಲಿ ಅಪ್ಪಟ ನ್ಯಾನೋ ಸಿಲ್ವರ್. 1897ರ ಹೊತ್ತಿಗೆ ಇಂಥದ್ದೇ ಬೆಳ್ಳಿ ‘ಕಾಲರ್ಗಾಲ್’ ಎಂಬ ಹೆಸರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂತು. ಅದನ್ನು ಪ್ರಚಾರ ಮಾಡಿದವನು ಬೆನ್ನೋ ಕ್ರೇಡೆ, ಕಣ್ಣಿಗೆ ಬೆಳ್ಳಿ ಹಾಕಿದ ಕ್ರೇಡೆಯ ಮಗ. ಅಮೆರಿಕದಲ್ಲಿ ಆಲ್ಬರ್ಟ್ ಬಾರ್ನ್ಸ್ ಎಂಬಾತ ಪಾಲುದಾರನ ಜೊತೆ ಸೇರಿ ‘ಆರ್ಜಿರಾಲ್’ ಎಂಬ ಬೆಳ್ಳಿ ಔಷಧಿ ಮಾರಿ ಕೋಟ್ಯಧೀಶನಾದ. 1929ರಲ್ಲಿ, ಷೇರುಪೇಟೆ ಕುಸಿಯುವ ಕೆಲವೇ ತಿಂಗಳ ಮೊದಲು, ಕಂಪನಿಯನ್ನು ಮಾರಿಬಿಟ್ಟ ಪುಣ್ಯಾತ್ಮ! ಆ ದುಡ್ಡಲ್ಲಿ ಅವನು ಕೂಡಿಹಾಕಿದ ರೆನ್ವಾರ್, ಸೆಜಾನ್ ಚಿತ್ರಗಳನ್ನು ನೋಡಲು ಜನ ಈಗಲೂ ಫಿಲಡೆಲ್ಫಿಯಾಗೆ ಹೋಗುತ್ತಾರೆ.

ಆಮೇಲೆ ಪೆನಿಸಿಲಿನ್ ಬಂತು, ಬೆಳ್ಳಿ ಮೂಲೆ ಸೇರಿತು. ಆದರೆ ಸುಟ್ಟಗಾಯಗಳ ವಿಷಯದಲ್ಲಿ ಪೆನಿಸಿಲಿನ್ ಕೂಡ ಸೋತಿತು. ಚರ್ಮವೇ ಇಲ್ಲದ ಮೈ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟ ಮನೆ ಇದ್ದ ಹಾಗೆ. ಸುಟ್ಟ ಕ್ಷಣದಲ್ಲಿ ಬದುಕುಳಿದವರು ವಾರಗಳ ನಂತರ ಸೋಂಕಿನಿಂದ ಸಾಯುತ್ತಿದ್ದರು. ಆಗ ವೈದ್ಯರು ಮತ್ತೆ ಬೆಳ್ಳಿಯ ಕಡೆ ತಿರುಗಿದರು. 1965ರಲ್ಲಿ ಕಾರ್ಲ್ ಮೋಯರ್ ಮತ್ತು ಸಂಗಡಿಗರು ಅರ್ಧ ಶೇಕಡಾ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸಿದ ಬಟ್ಟೆಯನ್ನು ಗಾಯಕ್ಕೆ ಸುತ್ತುವ ಪದ್ಧತಿ ತಂದರು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಬೆಳ್ಳಿಯನ್ನು ಸಲ್ಫಾ ಔಷಧಿಗೆ ಜೋಡಿಸಿದ. ನನ್ನ ಕೈಗೆ ಹಚ್ಚಿಕೊಂಡ ಬಿಳಿ ಮುಲಾಮು ಅದೇ.

ಹತ್ತು ವರ್ಷವೂ ಆಗಿರಲಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸಾಲ್ಮೊನೆಲ್ಲಾ ಸೋಂಕು ಕಾಣಿಸಿಕೊಂಡಿತು. ಬೆಳ್ಳಿ ದ್ರಾವಣದಲ್ಲಿ ತೊಯ್ದ ಬಟ್ಟೆ ಸುತ್ತಿದ್ದರೂ ಆ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತಿತ್ತು. ರೋಗಿಗಳು ಸತ್ತರು, ವಾರ್ಡನ್ನೇ ಮುಚ್ಚಬೇಕಾಯಿತು. 1975ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವರದಿ ಬಂತು. ಆ ಸಾಲ್ಮೊನೆಲ್ಲಾ ಬೆಳ್ಳಿಗೆ ಮಾತ್ರ ಅಲ್ಲ, ಆಂಪಿಸಿಲಿನ್ ಮತ್ತು ಕ್ಲೋರಾಂಫೆನಿಕಾಲ್‌ಗೂ ಬಗ್ಗುತ್ತಿರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಈ ಸಂಗತಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಆ ಬ್ಯಾಕ್ಟೀರಿಯಾ ಬೆಳ್ಳಿಯನ್ನು ಹೇಗೆ ಅರಗಿಸಿಕೊಂಡಿತು ಅಂತ ಗೊತ್ತಾಗಲು ಇನ್ನೂ 24 ವರ್ಷ ಬೇಕಾಯಿತು. 1999ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಅಮಿತ್ ಗುಪ್ತಾ, ಸೈಮನ್ ಸಿಲ್ವರ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. (ಬೆಳ್ಳಿಯ ಬಗ್ಗೆ ಸಂಶೋಧನೆ ಮಾಡಿದವರ ಅಡ್ಡಹೆಸರು ಸಿಲ್ವರ್! ನಾನು ಹುಟ್ಟಿಸಿ ಹೇಳ್ತಿಲ್ಲ.) ಬಾಸ್ಟನ್ನಿನ ಆ ಸಾಲ್ಮೊನೆಲ್ಲಾದ ಒಳಗೆ ಒಂದು ದೊಡ್ಡ ಪ್ಲಾಸ್ಮಿಡ್ ಇತ್ತು. ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಇರುವ ಡಿಎನ್‌ಎ ಬಳೆ. ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಪಕ್ಕದ ಬ್ಯಾಕ್ಟೀರಿಯಾಗೆ ಕೊಡಬಲ್ಲದು, ಅದು ಬೇರೆ ಜಾತಿಯದಾದರೂ ಸರಿ. ಆ ಬಳೆಯ ಮೇಲೆ ಬೆಳ್ಳಿಗೆಂದೇ ಒಂದು ಜೀನ್ ಗುಂಪು ಸಿಕ್ಕಿತು. ಅದರಿಂದ ತಯಾರಾಗುವ ಒಂದು ಪ್ರೋಟೀನು ಬೆಳ್ಳಿ ಅಯಾನುಗಳನ್ನು ಜೀವಕೋಶದ ಎರಡು ಪೊರೆಗಳ ನಡುವೆಯೇ ಹಿಡಿದುಕೊಳ್ಳುತ್ತದೆ. ಬೇರೆ ಪ್ರೋಟೀನುಗಳು ಪಂಪಿನ ಹಾಗೆ ಬೆಳ್ಳಿಯನ್ನು ಹೊರಕ್ಕೆ ತಳ್ಳುತ್ತವೆ.

ಬೆಳ್ಳಿಗೆ ಪ್ರತಿರೋಧ ಬೆಳೆಯೋದು ಅಸಾಧ್ಯ ಅಂತ ಹೇಳುವವರ ವಾದ ಹೀಗಿತ್ತು: ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ಯಾವುದೋ ಒಂದು ಭಾಗಕ್ಕೆ ಹೊಡೆಯುತ್ತದೆ, ಬೆಳ್ಳಿ ಹತ್ತಾರು ಕಡೆ ಒಟ್ಟಿಗೆ ಹೊಡೆಯುತ್ತದೆ, ಎಲ್ಲವನ್ನೂ ಒಂದೇ ಸಲ ಬದಲಿಸಿಕೊಳ್ಳೋದು ಹೇಗೆ? ಕೇಳೋಕೆ ಸರಿಯಾಗೇ ಇದೆ. ಆದರೆ ಮಳೆನೀರು ಮನೆಗೆ ನುಗ್ಗಿದಾಗ ನಾವೇನು ಒಂದೊಂದೇ ಸಾಮಾನಿಗೆ ಪ್ಲಾಸ್ಟಿಕ್ ಹೊದಿಸ್ತೀವಾ? ಪಂಪು ಹಚ್ಚಿ ನೀರು ಹೊರಗೆ ಹಾಕ್ತೀವಿ. ಬ್ಯಾಕ್ಟೀರಿಯಾ ಮಾಡಿದ್ದೂ ಅದನ್ನೇ.

ಅದೇ ಪ್ಲಾಸ್ಮಿಡ್ಡಿನ ಮೇಲೆ ಆಂಟಿಬಯಾಟಿಕ್ಕುಗಳನ್ನು ತಡೆಯುವ ಜೀನುಗಳೂ ಇದ್ದವು, ಪಾದರಸವನ್ನು ತಡೆಯುವುದೂ ಇತ್ತು. ಭಯ ಅಂತ ಹೇಳಿದ್ದು ಇದಕ್ಕೇ. ಬೆಳ್ಳಿ ಬಳಸಿ ಬಳಸಿ ಈ ಬಳೆ ಇರುವ ಬ್ಯಾಕ್ಟೀರಿಯಾ ಮಾತ್ರ ಉಳಿಯುವ ಹಾಗೆ ಮಾಡಿದರೆ, ಆಂಪಿಸಿಲಿನ್ನಿನ ಒಂದು ಹನಿ ಬಳಸದೆಯೇ ಆಂಪಿಸಿಲಿನ್ನಿಗೆ ಬಗ್ಗದ ಸಂತತಿಯನ್ನು ಸಾಕಿದಂತೆ.

ಇಷ್ಟೆಲ್ಲ ಗೊತ್ತಾದ ಮೇಲೇ ನ್ಯಾನೋ ಸಿಲ್ವರ್ ಭರಾಟೆ ಶುರುವಾದದ್ದು ನೋಡಿ! 2003ರಲ್ಲಿ ಸ್ಯಾಮ್‌ಸಂಗ್ ಬೆಳ್ಳಿ ಬಿಡುವ ವಾಷಿಂಗ್ ಮಷೀನು ತಂದಿತು. ನಮ್ಮಲ್ಲಿ 2009ರ ಡಿಸೆಂಬರಿನಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋಕಣ ಕೂರಿಸಿದ ‘ಟಾಟಾ ಸ್ವಚ್’ ನೀರಿನ ಫಿಲ್ಟರ್ ಬಂತು. ಕರೆಂಟಿಲ್ಲದ ಮನೆಗೆ ಕುಡಿಯುವ ನೀರು ಕೊಡುವ ಬೆಳ್ಳಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಕಾಲುಚೀಲದ ಬೆಳ್ಳಿಯ ಬಗ್ಗೆ.

ಕಣವಾದರೆ ಕಥೆ ಬೇರೆ, ಹಳೇ ಪಂಪು ಅದಕ್ಕೆ ನಡೆಯೋದಿಲ್ಲ ಅನ್ನುವ ಆಸೆ ಇತ್ತು. 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಆಮ್ಲಜನಕವೇ ಇಲ್ಲದ ಕಡೆ ನ್ಯಾನೋಕಣಗಳನ್ನು ಬ್ಯಾಕ್ಟೀರಿಯಾ ಮೇಲೆ ಬಿಟ್ಟು ನೋಡಿದರು. ಆಮ್ಲಜನಕ ಇಲ್ಲದೆ ಕಣದಿಂದ ಅಯಾನು ಬಿಡುಗಡೆ ಆಗಲಿಲ್ಲ, ಬ್ಯಾಕ್ಟೀರಿಯಾ ಸಾಯಲೂ ಇಲ್ಲ. ಅಂದರೆ ಕೊಲ್ಲುವುದು ಮುಖ್ಯವಾಗಿ ಆ ಹಳೇ ಅಯಾನೇ, ಕಣ ಅದನ್ನು ಹೊತ್ತು ತರುವ ಗಾಡಿ. 2015ರಲ್ಲಿ ಜೋಸೆಫ್ ಗ್ರೇವ್ಸ್ ಅವರ ತಂಡ ನ್ಯಾನೋ ಬೆಳ್ಳಿಯ ನಡುವೆಯೇ ಇ. ಕೋಲೈ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿತು. ಇನ್ನೂರು ಚಿಲ್ಲರೆ ತಲೆಮಾರುಗಳಲ್ಲಿ, ಅಂದರೆ ತಿಂಗಳೊಪ್ಪತ್ತಿನಲ್ಲಿ, ಅದು ಒಗ್ಗಿಕೊಂಡಿತು. ಬದಲಾದ ಜೀನುಗಳು ಬೆರಳೆಣಿಕೆಯಷ್ಟು. ಅದರಲ್ಲೊಂದು, ತಾಮ್ರ ಮತ್ತು ಬೆಳ್ಳಿಯನ್ನು ಹೊರಹಾಕುವ ಪಂಪಿನ ಸ್ವಿಚ್ಚಿನದು! ಆ ಪಂಪು ಇ. ಕೋಲೈ ಬಳಿ ಹುಟ್ಟಿನಿಂದಲೇ ಇದೆ.

2018ರಲ್ಲಿ ಚೆಕ್ ದೇಶದ ಓಲೊಮೌತ್ಸ್‌ನ ಸಂಶೋಧಕರು ಇನ್ನೊಂದು ತಂತ್ರ ಕಂಡರು. ಅವರ ಬ್ಯಾಕ್ಟೀರಿಯಾದ ಜೀನುಗಳಲ್ಲಿ ಬದಲಾವಣೆಯೇ ಇರಲಿಲ್ಲ. ಅವು ಈಜುವ ಬಾಲಕ್ಕೆ ಬೇಕಾದ ಫ್ಲಾಜೆಲಿನ್ ಎಂಬ ಪ್ರೋಟೀನನ್ನು ತಯಾರಿಸಿ ಹೊರಬಿಟ್ಟು, ಬೆಳ್ಳಿಯ ಕಣಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುವ ಹಾಗೆ ಮಾಡುತ್ತಿದ್ದವು. ಮುದ್ದೆಯಾದ ಬೆಳ್ಳಿ ಕೆಲಸಕ್ಕೆ ಬಾರದು. ಅವರು ಇದಕ್ಕೆ ಕಂಡುಕೊಂಡ ಮದ್ದು ಯಾವುದು ಗೊತ್ತಾ? ದಾಳಿಂಬೆ ಸಿಪ್ಪೆಯ ರಸ! ಅದು ಫ್ಲಾಜೆಲಿನ್ ತಯಾರಿಯನ್ನೇ ತಡೆಯಿತು. ಭೇದಿಯಾದಾಗ ದಾಳಿಂಬೆ ಸಿಪ್ಪೆ ತಂಬುಳಿ ಕುಡಿದು ಬೆಳೆದ ನನಗೆ ಖುಷಿಯಾಗಿದ್ದು ನಿಜ :-) ಆದರೆ ಅದು ಪ್ರಯೋಗಾಲಯದ ಗಾಜಿನ ಪಾತ್ರೆಯೊಳಗಿನ ಮಾತು. ಬಾಸ್ಟನ್ನಿನ ಪಂಪು ಫ್ಲಾಜೆಲಿನ್ನನ್ನು ನಂಬಿ ಕೂತಿರೋದಲ್ಲ.

ಹಾಗಂತ ಬೆಳ್ಳಿ ಸೋತೇಹೋಯಿತು ಅನ್ನುವಂತಿಲ್ಲ. ಬೆಳ್ಳಿ ಹಚ್ಚಿಯೂ ಗಾಯ ವಾಸಿಯಾಗದ್ದಕ್ಕೆ ಪ್ರತಿರೋಧವೇ ಕಾರಣ ಅನ್ನುವ ವರದಿಗಳು ಇವತ್ತಿಗೂ ವಿರಳ. ಆದರೆ ಆಸ್ಪತ್ರೆಗಳಲ್ಲಿ ಸಿಗುವ ಕ್ಲೆಬ್ಸಿಯೆಲ್ಲಾ, ಎಂಟೆರೋಬ್ಯಾಕ್ಟರ್‌ಗಳಲ್ಲಿ ಬಾಸ್ಟನ್ನಿನ ಅದೇ ಜೀನುಗಳು ಸಿಕ್ಕಿವೆ. ಎಷ್ಟೋ ಸಲ ನಿದ್ದೆ ಹೊಡೆಯುತ್ತಿರುತ್ತವೆ, ಒಂದೇ ಒಂದು ರೂಪಾಂತರಕ್ಕೆ ಎಚ್ಚರವಾಗುತ್ತವೆ.

2008ರಲ್ಲಿ ಅರಿಜೋನಾದ ಇಬ್ಬರು ಸಂಶೋಧಕರು ಅಂಗಡಿಯ ಬೆಳ್ಳಿ ಕಾಲುಚೀಲಗಳನ್ನು ನೀರಿನಲ್ಲಿ ತೊಳೆದು ನೋಡಿದ್ದರು. ಕೆಲವು ಚೀಲಗಳ ಬೆಳ್ಳಿ ನಾಲ್ಕೇ ತೊಳೆತಕ್ಕೆ ಹೆಚ್ಚುಕಡಿಮೆ ಪೂರ್ತಿ ನೀರಿಗೆ ಹೋಗಿತ್ತು. ನಮ್ಮ ಬಚ್ಚಲಿನಲ್ಲಾದರೆ ಅದು ನೇರ ಚರಂಡಿಗೆ. ಅಲ್ಲಿ ಬ್ಯಾಕ್ಟೀರಿಯಾಕ್ಕೇನು ಬರ!

ಕೈಮೇಲಿನ ಗಾಯ ಒಣಗಿದೆ, ಸಣ್ಣ ಕಲೆ ಉಳಿದಿದೆ. ಕಾಲುಚೀಲದ ಪ್ಯಾಕೆಟ್ಟು ಇನ್ನೂ ಒಡೆದಿಲ್ಲ. ನಾಳೆ ಬಿಲ್ಲು ಹುಡುಕಿ ಅಂಗಡಿಗೆ ವಾಪಸ್ಸು ಕೊಟ್ಟು ಬರಬೇಕು.