ಏಜೆಂಟ್

ನಮ್ಮಲ್ಲಿ ಏಜೆಂಟ್ ಅಂದರೆ ಎಲ್‌ಐಸಿಯವರು, ಇಲ್ಲವೇ ಆರ್‌ಟಿಒ ಕಚೇರಿ ಮುಂದೆ ಫೈಲು ಹಿಡಿದು ನಿಂತವರು. ಪದದ ಬೇರು ಲ್ಯಾಟಿನ್ನಿನ ‘ಆಗೆರೆ’. ಮಾಡು, ನಡೆಸು ಎಂದರ್ಥ. ಸಾಹಿತ್ಯಕ್ಕೆ ಇದು ಅಂಟಿಕೊಂಡದ್ದು 19ನೇ ಶತಮಾನದ ಕೊನೆಯ ಲಂಡನ್ನಿನಲ್ಲಿ. ಎ.ಪಿ. ವಾಟ್ ಎಂಬಾತ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸಿ, ಗಳಿಕೆಯಲ್ಲಿ ಶೇ. 10 ಪಡೆಯತೊಡಗಿದ. ದಲ್ಲಾಳಿ ಎರಡೂ ಕಡೆ ಕೈಚಾಚಬಹುದು. ಸಾಹಿತ್ಯದ ಏಜೆಂಟ್ ಲೇಖಕರ ಕಡೆಯವನು.

ಏಜೆಂಟ್ ಇಲ್ಲದೆ ಅಗಾಥಾ ಕ್ರಿಸ್ಟಿ ಮಾಡಿಕೊಂಡ ಮೊದಲ ಕರಾರು ನೋಡಿ. 2000 ಪ್ರತಿ ಖರ್ಚಾಗುವವರೆಗೆ ರಾಯಲ್ಟಿ ಇಲ್ಲ, ಮುಂದಿನ ಐದು ಪುಸ್ತಕಗಳೂ ಬಾಡ್ಲಿ ಹೆಡ್ ಪ್ರಕಾಶನಕ್ಕೇ ಮೊದಲು. ಅಚ್ಚಾದರೆ ಸಾಕೆಂಬ ಖುಷಿಯಲ್ಲಿ ಆಕೆ ಸಹಿ ಹಾಕಿಬಿಟ್ಟಿದ್ದರು. ಎಡ್ಮಂಡ್ ಕಾರ್ಕ್ ಏಜೆಂಟಾಗಿ ಬಂದಮೇಲೆ ಲೆಕ್ಕವೇ ಬದಲಾಯಿತು. ಆಕೆ ಕಾಲಿನ್ಸ್ ಪ್ರಕಾಶನಕ್ಕೆ ಹೋದರು, ಕಾರ್ಕ್ ದಶಕಗಳ ಕಾಲ ಜೊತೆಗಿದ್ದರು. ಅರುಂಧತಿ ರಾಯ್ ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಓದಿದ ಏಜೆಂಟ್ ಡೇವಿಡ್ ಗಾಡ್ವಿನ್ ಲಂಡನ್ನಿನಿಂದ ನೇರ ದೆಹಲಿಗೇ ವಿಮಾನ ಹತ್ತಿದರು. 1997ರಲ್ಲಿ ಆ ಕಾದಂಬರಿಗೆ ಬೂಕರ್ ಬಂತು.

ಕನ್ನಡದಲ್ಲಿ ಈ ಕಸುಬು ಬೇರೂರಲೇ ಇಲ್ಲ. ಕಾದಂಬರಿಗಾರ್ತಿಯೇ ಬರೆಯಬೇಕು, ಚೌಕಾಸಿಯನ್ನೂ ಮಾಡಬೇಕು. ‘ದುಡ್ಡಿನ ಮಾತು ಹೇಗೆ ಆಡೋದು’ ಎಂಬ ಸಂಕೋಚ ಬೇರೆ. ಬರೆಯುವ ಗೆಳತಿಯರೇ, ಕರಾರಿನಲ್ಲಿ ಅನುವಾದ, ಸಿನಿಮಾ, ಆಡಿಯೊ ಹಕ್ಕುಗಳ ಸಾಲುಗಳನ್ನು ಓದಿಯೇ ಸಹಿ ಹಾಕಿ.